ಎಕ್ಕದೆಲೆಯ ಮೊದಲ ತುತ್ತು

ಜನವರಿ 12

ಪುಟ್ಟಿ,

ಅಂತೂ ನಿನ್ನ ಅಕ್ಕನಿಗೂ ಒಂದು ಕೆಲಸ ಸಿಕ್ಕಿತು. ಹುಳು ಸಾಕುವ ಕೆಲಸ. ನಗಬೇಡ. ಊರಾಚೆಯ ತೋಟದಲ್ಲಿ ಗಾಜಿನ ದೊಡ್ಡ ಮನೆ ಕಟ್ಟಿ ಒಳಗೆ ಚಿಟ್ಟೆಗಳನ್ನು ಬಿಟ್ಟಿದ್ದಾರೆ. ಜನ ಟಿಕೆಟ್ ಕೊಂಡು ಬರುತ್ತಾರೆ, ಭುಜದ ಮೇಲೆ ಚಿಟ್ಟೆ ಕೂತರೆ ಉಸಿರು ಬಿಗಿಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಚಿಟ್ಟೆಗಳು ಹುಟ್ಟಿ ಬೆಳೆಯುವುದು ಹಿಂದಿನ ಕೋಣೆಯಲ್ಲಿ, ಆ ಕೋಣೆಯ ಉಸ್ತುವಾರಿ ನನ್ನದು. ಬಲೆ ಹಾಕಿದ ಪೆಟ್ಟಿಗೆಗಳು, ಕುಂಡದಲ್ಲಿ ಎಕ್ಕದ ಗಿಡಗಳು, ಒಂದು ಒದ್ದೆ ಕುಂಚ. ಇಷ್ಟೇ ನನ್ನ ಆಸ್ತಿ.

ಎಕ್ಕದ ಎಲೆ ಕಿತ್ತರೆ ಬರುವ ಹಾಲು ನೆನಪಿದೆಯಲ್ಲ? ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ ಎಂದು ಅಮ್ಮ ಹೆದರಿಸುತ್ತಿದ್ದಳು. ಆ ಹಾಲಿನಲ್ಲಿ ಎದೆಬಡಿತವನ್ನೇ ನಿಲ್ಲಿಸುವ ವಿಷವಿದೆಯಂತೆ. ದನವೂ ಮೂಸಿ ನೋಡಿ ಮುಂದೆ ಹೋಗುತ್ತದೆ. ನನ್ನ ಹುಳುಗಳು ಮಾತ್ರ ಹುಟ್ಟಿದಾಗಿನಿಂದ ಅದನ್ನೇ ಮೇಯುತ್ತವೆ. ಮೇದು ಸಾಯುವುದೂ ಇಲ್ಲ, ವಿಷವನ್ನು ಹೊರಗೆ ಹಾಕುವುದೂ ಇಲ್ಲ. ಜೋಪಾನವಾಗಿ ಮೈಯೊಳಗೆ ಇಟ್ಟುಕೊಳ್ಳುತ್ತವೆ. ಹುಳು ಗೂಡು ಕಟ್ಟಿ ಚಿಟ್ಟೆಯಾದ ಮೇಲೂ ಆ ವಿಷ ರೆಕ್ಕೆಯಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದ ಹಕ್ಕಿ ಒಂದು ಸಲ ನುಂಗಿ ಕಕ್ಕಿದರೆ ಮುಗಿಯಿತು, ಜನ್ಮದಲ್ಲಿ ಇನ್ನೊಂದನ್ನು ಮುಟ್ಟುವುದಿಲ್ಲ. ಹಾಗಾಗಿ ಇವು ಅಡಗಿಕೊಳ್ಳುವುದೂ ಇಲ್ಲ. ಕಪ್ಪು, ಹಳದಿ, ಬಿಳಿ ಪಟ್ಟೆ ತೊಟ್ಟು ಎಲೆಯ ನಡುಮಧ್ಯೆ ರಾಜಾರೋಷವಾಗಿ ಕೂತಿರುತ್ತವೆ.

ಇದನ್ನೆಲ್ಲ ಹೇಳಿಕೊಟ್ಟವರು ನಮ್ಮ ಮೇಷ್ಟ್ರು. ಈ ಚಿಟ್ಟೆಮನೆಯ ಮೇಲ್ವಿಚಾರಕರು, ಮೊದಲು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಬಂದವರಿಗೆ ಇದನ್ನು ದಿನಕ್ಕೆ ಹತ್ತು ಸಲ ಒಪ್ಪಿಸುತ್ತೇನೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ.

ನೀನು ಹೇಗಿದ್ದೀಯ? ನಿಮ್ಮ ಕ್ವಾರ್ಟರ್ಸ್‌ನ ಫೋನು ಕಾವಲುಗಾರನ ಮೂಗಿನ ಕೆಳಗೇ ಇರುವುದರಿಂದ ಅದರಲ್ಲಿ ನೀನು ಮೂರು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಕಾಗದದಲ್ಲಾದರೂ ಉದ್ದಕ್ಕೆ ಬರೆ. ಬರೀ 'ಚೆನ್ನಾಗಿದ್ದೇನೆ' ಎಂದು ಬಂದರೆ ವಾಪಸ್ಸು ಕಳಿಸುತ್ತೇನೆ.

ನಿನ್ನ ಅಕ್ಕ


ಜನವರಿ 30

ಅಕ್ಕ,

ಚೆನ್ನಾಗಿದ್ದೇನೆ. ಕಳಿಸು ವಾಪಸ್ಸು, ನೋಡೋಣ.

ನಿನ್ನ ಹುಳುಗಳ ವಿಷಯವನ್ನು ಊಟದ ಹೊತ್ತಿನಲ್ಲಿ ನಮ್ಮ ಶೆಡ್ಡಿನವರಿಗೆಲ್ಲ ಓದಿ ಹೇಳಿದೆ. ನಮ್ಮದು ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆ ಎಂದಷ್ಟೇ ನಿನಗೆ ಗೊತ್ತು. ಹೋದ ವರ್ಷದಿಂದ ನಾನಿರುವುದು ಕುಲುಮೆ ಶೆಡ್ಡಿನಲ್ಲಿ. ಹದಿನಾಲ್ಕು ಹೆಂಗಸರು. ಕರಗಿದ ಸೀಸದ ಮೇಲೆ ಕಸರು ಕೆನೆಗಟ್ಟುತ್ತದೆ, ಅದನ್ನು ಉದ್ದ ಸೌಟಿನಿಂದ ತೆಗೆದು ಪಕ್ಕದ ಡಬ್ಬಕ್ಕೆ ಹಾಕಬೇಕು. ಹಾಲು ಕಾಯಿಸಿದ ಹಾಗೆಯೇ, ಉಕ್ಕುವುದಿಲ್ಲ ಅಷ್ಟೇ. ಮೂಗಿಗೆ ಮಾಸ್ಕ್ ಕೊಟ್ಟಿದ್ದಾರೆ. ಸೆಖೆಗೆ ಅದು ಗಲ್ಲದ ಮೇಲೇ ಇರುತ್ತದೆ.

ನನ್ನ ಪಕ್ಕದ ಕುಲುಮೆಯಲ್ಲಿ ಒಬ್ಬರಿದ್ದಾರೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಎಲ್ಲರೂ ಉದ್ದಕ್ಕ ಎನ್ನುತ್ತೇವೆ. ನಿನ್ನ ಕಾಗದ ಕೇಳಿ ಅವರು, "ಹಂಗಾದ್ರೆ ನಾವೂ ಹುಳುಗಳೇ ಕಣೇ. ಇಷ್ಟು ದಿನ ತಿಂದಿದೀವಿ, ಇನ್ನು ಯಾವ ಹಕ್ಕಿ ಬಂದು ನಮ್ಮನ್ನ ಮುಟ್ಟುತ್ತೆ?" ಎಂದರು. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಆಮೇಲೆ ಫೋರ್‌ಮನ್ ಬಂದ. ಉದ್ದಕ್ಕ ಅವನಿಗೂ, "ಹತ್ರ ಬರ್ಬೇಡಿ ಸಾರ್, ಕಕ್ಕೊಂಡುಬಿಡ್ತೀರ" ಎಂದರು.

ನಮ್ಮ ಮನೆಯವರು ಲಾರಿಯ ಮೇಲೆ ಹೋಗಿ ಹದಿನೈದು ದಿನವಾಯಿತು. ಕ್ವಾರ್ಟರ್ಸ್‌ನಲ್ಲಿ ನಮ್ಮದೇ ಬಾಗಿಲು, ನಮ್ಮದೇ ನಲ್ಲಿ. ಬಾಗಿಲು ಹಾಕಿಕೊಂಡು ಕೂತರೆ ಯಾರೂ ಕರೆಯುವುದಿಲ್ಲ. ಅವರ ಅಣ್ಣನ ಮನೆಯ ಹಜಾರದಲ್ಲಿ ನಾಲ್ಕು ವರ್ಷ ಮಲಗಿದವಳಿಗೆ ಇದು ಎಷ್ಟು ದೊಡ್ಡದೆಂದು ನಿನಗೆ ಗೊತ್ತು. ಹೊಟ್ಟೆ ಮಾತ್ರ ಒಂದೊಂದು ದಿನ ಹಿಂಡುತ್ತದೆ, ಊಟ ಸೇರುವುದಿಲ್ಲ. ಬಾಯಲ್ಲಿ ಸದಾ ಏನೋ ಸಿಹಿ.

ಪುಟ್ಟಿ


ಫೆಬ್ರವರಿ 18

ಪುಟ್ಟಿ,

ಹೊಟ್ಟೆ ಹಿಂಡುವುದು ನಿನಗೆ ಹೊಸದೇ? ಪರೀಕ್ಷೆ ಬಂದರೆ ಹೊಟ್ಟೆ, ನೆಂಟರು ಬಂದರೆ ಹೊಟ್ಟೆ. ಹೊತ್ತಿಗೆ ಸರಿಯಾಗಿ ತಿನ್ನದೆ ತಿರುಗಿದರೆ ಇನ್ನೇನಾಗುತ್ತದೆ? ಬಿಸಿನೀರು ಕುಡಿ, ಬೇಗ ಮಲಗು.

ನಿನ್ನ ಉದ್ದಕ್ಕನ ಮಾತನ್ನು ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. ಅವರಿಗೆ ನಗುವುದು ಯಾವತ್ತೂ ಸ್ವಲ್ಪ ಕಷ್ಟವೇ.

ಇಲ್ಲಿ ಒಂದು ತಮಾಷೆಯಾಯಿತು. ಹೋದ ತಿಂಗಳು ಎಕ್ಕ ಸಾಲದೆ ಬಂದು, ಅದೇ ಜಾತಿಗೆ ಸೇರಿದ, ಆದರೆ ವಿಷ ಇಲ್ಲವೇ ಇಲ್ಲ ಎನ್ನಬಹುದಾದ ಬೇರೊಂದು ಗಿಡ ತಂದು ಒಂದು ಪೆಟ್ಟಿಗೆಯ ಹುಳುಗಳಿಗೆ ಹಾಕಿದೆವು. ತಿಂದವು, ಬೆಳೆದವು, ಚಿಟ್ಟೆಗಳಾದವು. ನೋಡಲು ಅದೇ ಕೇಸರಿ ರೆಕ್ಕೆ, ಅದೇ ಕಪ್ಪು ಅಂಚು. ಮೊನ್ನೆ ಒಡೆದ ಗಾಜಿನ ಸಂದಿಯಿಂದ ಹಕ್ಕಿಯೊಂದು ನುಗ್ಗಿತು. ಇನ್ನೂ ಎಳೆಯದು, ಲೋಕ ಕಾಣದ್ದು. ಆ ಪೆಟ್ಟಿಗೆಯವನ್ನು ಒಂದಾದ ಮೇಲೊಂದರಂತೆ ಏಳು ನುಂಗಿ ಹಾಯಾಗಿ ಕಂಬಿಯ ಮೇಲೆ ಕೂತಿತು. ಕಕ್ಕಲೇ ಇಲ್ಲ. ಮೆತ್ತಗಿನ ಊಟದಲ್ಲಿ ಬೆಳೆದವರ ಗತಿ ನೋಡು.

ನೀನು ಹಾಗಲ್ಲ ಬಿಡು. ಚಿಕ್ಕಂದಿನಿಂದ ಕಹಿ ತಿಂದೇ ಬೆಳೆದವಳು. ನಿನ್ನನ್ನು ಯಾರೂ ನುಂಗಲಾರರು ಎಂಬ ಧೈರ್ಯದಲ್ಲೇ ನಾನು ಇಷ್ಟು ದೂರದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುವುದು. ಹಲ್ಲು ಕಚ್ಚಿಕೊಂಡು ಇನ್ನೊಂದಷ್ಟು ದಿನ ಇರು, ಕೆಲಸ ಕಾಯಂ ಆಗಲಿ.

ನಿನ್ನ ಅಕ್ಕ


ಮಾರ್ಚ್ 7

ಅಕ್ಕ,

ನಿನ್ನ ಹತ್ತಿರ ಒಂದು ಕೆಲಸವಾಗಬೇಕು. ಪೂರ್ತಿ ಓದು, ಆಮೇಲೆ ಬೈ.

ಮೂರು ತಿಂಗಳಿಗೊಮ್ಮೆ ಹೊರಗಿನ ಲ್ಯಾಬಿನವರು ಬಂದು ನಮ್ಮ ರಕ್ತ ತೆಗೆದು ಅದರಲ್ಲಿ ಸೀಸ ಎಷ್ಟಿದೆ ಎಂದು ನೋಡುತ್ತಾರೆ. ನಲವತ್ತು ದಾಟಿದರೆ ಕುಲುಮೆಯಿಂದ ತೆಗೆದು ಹೊರಗಿನ ದಿನಗೂಲಿಗೆ ಹಾಕುತ್ತಾರೆ. ಕ್ವಾರ್ಟರ್ಸೂ ಹೋಗುತ್ತದೆ. ಹೋದ ಸಲ ನನ್ನದು ಮೂವತ್ತೆಂಟು ಬಂದಿತ್ತು. ಈ ತಿಂಗಳ ಇಪ್ಪತ್ತನಾಲ್ಕಕ್ಕೆ ಮತ್ತೆ ಬರುತ್ತಾರೆ. ಈ ಸಲದ ರಿಪೋರ್ಟು ನೋಡಿಯೇ ಯಾರನ್ನು ಕಾಯಂ ಮಾಡುವುದೆಂದು ಪಟ್ಟಿ ಹಾಕುತ್ತಾರಂತೆ. ರಕ್ತ ತೆಗೆಯುವ ನರ್ಸ್ ಪ್ರತಿ ಸಲ ಬೇರೆ. ನನ್ನ ಗುರುತಿನ ಚೀಟಿಯ ಫೋಟೋದಲ್ಲಿ ನನಗಿಂತ ನೀನೇ ಹೆಚ್ಚು ಕಾಣುತ್ತೀಯ, ಹಿಂದೆ ತೋರಿಸಿದಾಗ ನೀನೇ ಹೇಳಿದ್ದೆ.

ಒಂದೇ ಒಂದು ಸಲ. ಸಣ್ಣ ಶೀಶೆಯಷ್ಟು ರಕ್ತ. ಲ್ಯಾಬಿನವರು ಬರುವುದು ಭಾನುವಾರ, ಅವತ್ತು ಶೆಡ್ಡಿಗೆ ರಜೆ, ಒಬ್ಬೊಬ್ಬರನ್ನೇ ಬೇರೆ ಬೇರೆ ಹೊತ್ತಿಗೆ ಕರೆಯುತ್ತಾರೆ, ಗೇಟಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇರುವುದಿಲ್ಲ. ಒಂದೂವರೆ ದಿನದ ರೈಲು, ನನಗೆ ಗೊತ್ತು. ನಿನಗೆ ರಜೆ ಸಿಗುವುದು ಕಷ್ಟ, ಅದೂ ಗೊತ್ತು.

ಯಾಕೆ ಇಷ್ಟು ಆತುರ ಎಂದು ಕೇಳಬೇಡ. ಬಂದಾಗಲೂ ಏನೂ ಕೇಳಬೇಡ. ತೋಳು ಚಾಚು, ಊಟ ಮಾಡು, ಹೋಗು. ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಕೇಳಲಿ?

ಪುಟ್ಟಿ


ಏಪ್ರಿಲ್ 2

ಅಕ್ಕ,

ನೀನು ರೈಲು ಹತ್ತಿದ ಮೇಲೆ ಮನೆ ಬಿಕೋ ಎನ್ನಿಸಿತು. ತಲೆ ತಿನ್ನುತ್ತೀಯ ಎಂದುಕೊಂಡಿದ್ದೆ, ನಿಜವಾಗಿಯೂ ಒಂದು ಮಾತೂ ಕೇಳಲಿಲ್ಲ ನೀನು. ನಿನ್ನಂಥ ಬಾಯಿಬಡುಕಿ ಎರಡು ದಿನ ಸುಮ್ಮನಿದ್ದದ್ದು ನೋಡಿ ನನಗೇ ಪಾಪ ಅನ್ನಿಸಿತು.

ರಿಪೋರ್ಟು ಬಂತು. ನಾಲ್ಕು. ಬರೀ ನಾಲ್ಕು. ಇಡೀ ಕಾರ್ಖಾನೆಯಲ್ಲಿ ಅಷ್ಟು ಚೊಕ್ಕ ರಕ್ತ ಯಾರದ್ದೂ ಇಲ್ಲ, ಆಫೀಸಿನ ಗುಮಾಸ್ತನದೂ ಇಲ್ಲ. ಕಾಯಂ ಪಟ್ಟಿಯಲ್ಲಿ ನನ್ನದು ಎರಡನೆಯ ಹೆಸರು.

ಈಗ ಹೇಳುತ್ತೇನೆ ಕೇಳು. ನನಗೆ ನಾಲ್ಕು ತಿಂಗಳು. ನೀನು ಬಂದಾಗಲೇ ಮೂರು ತುಂಬಿತ್ತು. ಹಿಂದೆ ಎರಡು ಸಲ ಎರಡೇ ತಿಂಗಳಿಗೆ ಹೋದದ್ದನ್ನು ನಾನು ನಿನಗೆ ಹೇಳಿಯೇ ಇರಲಿಲ್ಲ. ಈ ಸಲವೂ ಹೇಳಿದರೆ ಎಲ್ಲಿ ಕಣ್ಣು ಬೀಳುತ್ತದೋ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಕಾಯಂ ಆದವರಿಗೆ ಮಾತ್ರ ಹೆರಿಗೆ ರಜೆ. ಏಳನೇ ತಿಂಗಳಿಂದ ರಜೆ, ಮನೆಯೂ ಉಳಿಯುತ್ತದೆ. ಮಗುವಿಗೆ ಒಂದು ಬಾಗಿಲು ಇರಬೇಕು ಅಕ್ಕ, ಹಜಾರದಲ್ಲಿ ಬೆಳೆಯಬಾರದು. ಅದಕ್ಕೇ ಆ ಆತುರ.

ಪುಟ್ಟಿ


ಏಪ್ರಿಲ್ 15

ನನ್ನ ಬಂಗಾರ,

ಕಾಗದ ಓದಿ ಪೆಟ್ಟಿಗೆಗಳ ನಡುವೆ ನಿಂತು ಅತ್ತೆ. ಕೈಯಲ್ಲಿ ಎಕ್ಕದ ಹಾಲು, ಕಣ್ಣೊರೆಸಿಕೊಳ್ಳುವ ಹಾಗೂ ಇಲ್ಲ. ಮೇಷ್ಟ್ರು ಹೆದರಿ ನೀರು ತಂದುಕೊಟ್ಟರು.

ಎರಡು ಸಲ ಹೋದದ್ದನ್ನು ಮುಚ್ಚಿಟ್ಟೆಯಲ್ಲ, ಕಳ್ಳಿ. ಬಂದು ನಿನ್ನ ಕಿವಿ ಹಿಂಡುತ್ತೇನೆ. ನಾನು ಈಗಿಂದಲೇ ಹೊಲಿಯಲು ಕೂತೆ. ಒಂದು ಅಂಗಿ ಮುಗಿಯಿತು, ನನ್ನ ಅಂಗೈಯಷ್ಟಿದೆ. ಇನ್ನೊಂದು ಹೇಳುತ್ತೇನೆ. ನನ್ನ ಚಿಟ್ಟೆಗಳು ಮೊಟ್ಟೆ ಇಡುವಾಗ ತಮ್ಮ ಮೈಯ ವಿಷದಲ್ಲಿ ಒಂದು ಪಾಲನ್ನು ಮೊಟ್ಟೆಗೂ ಇಡುತ್ತವೆ, ಇರುವೆ ಮುಟ್ಟದಿರಲಿ ಎಂದು. ತಾಯಿ ಎಂದರೆ ಹಾಗೆ ನೋಡು, ತನ್ನಲ್ಲಿ ಇರುವುದರಲ್ಲೇ ಕೊಡುತ್ತಾಳೆ.

ಏಪ್ರಿಲ್ 17

ಮೇಲಿನದನ್ನು ಬರೆದು ಎರಡು ದಿನವಾಯಿತು, ಇನ್ನೂ ಅಂಚೆಗೆ ಹಾಕಿಲ್ಲ. ಇವತ್ತು ಮಾತಿನ ಮಧ್ಯೆ ಮೇಷ್ಟ್ರಿಗೆ ನಿನ್ನದು ಸೀಸದ ಕೆಲಸ ಎಂದು ಹೇಳಿದೆ. ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಈಗ್ಲೂ ಕುಲುಮೆ ಹತ್ರನೇ ಇದಾಳಾ?" ಎಂದರು.

ಇದ್ದೀಯಾ? ಇದ್ದರೆ ಈ ಕಾಗದ ಓದಿದ ದಿನವೇ ಬಿಡು. ಸೀಸ ಎಲುಬಿನಲ್ಲಿ ಸುಣ್ಣದ ಜಾಗಕ್ಕೆ ಹೋಗಿ ಕೂರುತ್ತದಂತೆ. ಮಗುವಿಗೆ ಎಲುಬು ಕಟ್ಟಲು ನಿನ್ನ ಎಲುಬಿನಿಂದ ಸುಣ್ಣ ಹೋಗುವಾಗ ಇದೂ ಜೊತೆಗೆ ಹೋಗುತ್ತದಂತೆ. ಹೊಟ್ಟೆ ಹಿಂಡುವುದು, ಊಟ ಸೇರದಿರುವುದು, ಬಾಯಿ ಸಿಹಿಯಾಗುವುದು, ಎಲ್ಲ ಅದರದ್ದೇ ಅಂದರು. ನಾನು ಬಿಸಿನೀರು ಕುಡಿ ಎಂದು ಬರೆದೆನಲ್ಲ ಪುಟ್ಟಿ.

ಕೂಡಲೇ ಬರೆ.

ಅಕ್ಕ


ಮೇ 9

ಅಕ್ಕ,

ನಿನಗೆ ಮೇಷ್ಟ್ರು ಸಿಕ್ಕಿದ್ದಾರೆ, ನನಗೆ ಕಾರ್ಖಾನೆಯ ಡಾಕ್ಟರು. ಇಬ್ಬರಲ್ಲಿ ಯಾರನ್ನು ನಂಬಲಿ? ಡಾಕ್ಟರಿಗೆ ನನ್ನ ರಿಪೋರ್ಟು ಕಂಡರೆ ಪ್ರಾಣ. ಫೋರ್‌ಮನ್ ಅದರ ನಕಲು ತೆಗೆಸಿ ಶೆಡ್ಡಿನ ಗೋಡೆಗೆ ಅಂಟಿಸಿದ್ದಾನೆ. "ಮೂರು ವರ್ಷದಿಂದ ಇರೋಳು, ನೋಡಿ, ನಾಲ್ಕು. ಶುಚಿಯಾಗಿದ್ರೆ ಏನೂ ಆಗಲ್ಲ" ಎಂದು ಹೊಸಬರಿಗೆ ತೋರಿಸುತ್ತಾನೆ. ಎಲ್ಲರೂ ನನ್ನನ್ನು ಕೇಳುತ್ತಾರೆ, ಏನು ತಿಂತೀಯ, ಯಾವ ಸೋಪು ಎಂದು. ನಾನು ಬೆಲ್ಲ ತಿನ್ನುತ್ತೇನೆ ಎಂದು ಬಾಯಿಗೆ ಬಂದದ್ದು ಹೇಳಿದೆ. ಈಗ ಶೆಡ್ಡಿನ ತುಂಬ ಬೆಲ್ಲ.

ಈಗ ನಾನು ಕುಲುಮೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾಲ್ಕು ಬಂದವಳಿಗೆ ಏನಂತೆ? ಮತ್ತೆ ರಕ್ತ ತೆಗೆದರೆ ನಾನು ಕಾಯಂ ಅಲ್ಲ, ಮನೆ ಇಲ್ಲ, ರಜೆ ಇಲ್ಲ, ಮೋಸ ಮಾಡಿದವಳೆಂಬ ಹೆಸರು ಬೇರೆ. ಇನ್ನು ಎರಡು ತಿಂಗಳು ತಾನೇ. ಏಳಕ್ಕೆ ಬಿದ್ದ ದಿನವೇ ರಜೆ ಹಾಕುತ್ತೇನೆ. ಮಾಸ್ಕ್ ಕೆಳಗಿಳಿಸುವುದಿಲ್ಲ, ಆಣೆ.

ಮಗು ಒದೆಯುತ್ತದೆ. ನೀನೇ ಬರೆದಿದ್ದೆಯಲ್ಲ, ತಾಯಿ ತನ್ನ ವಿಷದಲ್ಲಿ ಮೊಟ್ಟೆಗೊಂದು ಪಾಲು ಇಡುತ್ತಾಳೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು. ಹೊಟ್ಟೆ ಹಿಂಡಿದ ದಿನ ನಾನು ಅದನ್ನೇ ಓದಿಕೊಳ್ಳುತ್ತೇನೆ. ನನ್ನ ಮಗು ನನಗಿಂತ ಗಟ್ಟಿಯಾಗುತ್ತದೆ. ಮೆತ್ತಗಿನ ಊಟದ ಚಿಟ್ಟೆ ಆಗುವುದಿಲ್ಲ.

ಪುಟ್ಟಿ


ಮೇ 14

ಪುಟ್ಟಿ,

ನಿನ್ನ ಕಾಗದ ಓದಿ ಕೆಲಸ ಬಿಟ್ಟು ಓಡಿದೆ. ಫೋನು ಮಾಡಿದೆ, ಕಾವಲುಗಾರ "ಹೇಳ್ತೀನಿ" ಎಂದು ಇಟ್ಟುಬಿಟ್ಟ.

ನಾನು ನಿನಗೆ ಅರ್ಧ ಕಥೆ ಹೇಳಿದ್ದೇನೆ. ಟಿಕೆಟ್ ಕೊಂಡು ಬಂದವರಿಗೆ ಹೇಳುವಷ್ಟು. ಉಳಿದರ್ಧ ಕೇಳು. ದಿನಾ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತಾರೆ. ಒಂಬತ್ತಕ್ಕೆ ಬಂದು ನಾನು ಮಾಡುವ ಮೊದಲ ಕೆಲಸ ಒದ್ದೆ ಕುಂಚ ಹಿಡಿದು ಸತ್ತ ಮರಿಗಳನ್ನು ಎಲೆಯಿಂದ ತೆಗೆಯುವುದು. ಮೊಟ್ಟೆಯೊಡೆದು ಬಂದ ಮರಿ ಎಲೆಗೆ ಮೊದಲ ಸಲ ಬಾಯಿ ಹಾಕುತ್ತದಲ್ಲ, ಆಗ ಹಾಲು ಉಕ್ಕುತ್ತದೆ. ಅದು ಅಂಟು. ಬಾಯಿ ಮೆತ್ತಿಕೊಂಡು ಅಲ್ಲೇ ಸಾಯುತ್ತವೆ. ಹತ್ತರಲ್ಲಿ ಮೂರು, ಒಂದೊಂದು ದಿನ ಐದು. ಮೊದಲ ತುತ್ತಿನಲ್ಲೇ. ಬಂದವರ ಕಣ್ಣಿಗೆ ಬೀಳಬಾರದೆಂದು ತೆಗೆಯುತ್ತೇನೆ. ನಿನಗೂ ಬರೆಯಲಿಲ್ಲ. ಯಾಕೆಂದರೆ ನನಗೆ ನನ್ನ ಹೊಸ ಕೆಲಸ ಚೆಂದ ಕಾಣಬೇಕಿತ್ತು.

ಆ ಮೆತ್ತಗಿನ ಊಟದ ಹುಳುಗಳು ಎಕ್ಕ ತಿಂದವುಗಳಿಗಿಂತ ನಾಲ್ಕು ದಿನ ಮೊದಲೇ ದಪ್ಪಗಾದವು. ಅದನ್ನೂ ಬರೆಯಲಿಲ್ಲ. ವಿಷ ಹೊತ್ತು ಬದುಕುವುದು ಅವಕ್ಕೂ ಸಲೀಸಲ್ಲ. ಆ ವಿಷ ತಟ್ಟದ ಮೈ ಪಡೆಯಲು ಅವಕ್ಕೆ ಲಕ್ಷಾಂತರ ವರ್ಷ ಬೇಕಾಯಿತಂತೆ. ನೀನು ಅಲ್ಲಿಗೆ ಹೋಗಿ ಮೂರು ವರ್ಷವಾಗಿದೆ. ನೀನು ಹುಳು ಅಲ್ಲ. ನಾನು ಏನೋ ತಮಾಷೆಗೆ ಬರೆದೆ, ನೀನು ಅದನ್ನು ಹಿಡಿದುಕೊಂಡು ಕೂತಿದ್ದೀಯ.

ಇನ್ನೊಂದು. ನಾನು ಬಂದ ದಿನ ನಿನ್ನ ಕೈಯಿಂದ ಲೋಟ ಬಿತ್ತು. ಎತ್ತಿಕೊಳ್ಳಲು ಹೋದಾಗ ನಿನ್ನ ಮಣಿಕಟ್ಟು ಜೋತುಬಿದ್ದ ಹಾಗಿತ್ತು. ನೋಡಿದೆ. ನೀನು ಕೇಳಬೇಡ ಎಂದಿದ್ದೆ, ನನಗೂ ಕೇಳದಿರುವುದೇ ಸುಲಭವಾಗಿತ್ತು.

ಮನೆ ಹೋಗಲಿ. ಹೆಸರು ಕೆಡಲಿ. ಇಲ್ಲಿಗೆ ಬಾ. ನನ್ನ ಕೋಣೆ ಸಣ್ಣದು, ಆದರೆ ಅದಕ್ಕೂ ಒಂದು ಬಾಗಿಲಿದೆ.

ಅಕ್ಕ


ಜೂನ್ 3

ಪುಟ್ಟಿ,

ಇಪ್ಪತ್ತು ದಿನವಾಯಿತು, ನಿನ್ನಿಂದ ಒಂದು ಗೆರೆಯೂ ಇಲ್ಲ. ಸಿಟ್ಟೋ, ಸುಸ್ತೋ, ಗೊತ್ತಾಗುತ್ತಿಲ್ಲ. ಬಿಸಿಲೆಂದು ಶಾಲೆಗಳ ರಜೆ ಇನ್ನೂ ಮುಂದುವರಿಸಿದ್ದಾರೆ, ಇಲ್ಲಿ ಜನ ಮುಗಿಬಿದ್ದಿದ್ದಾರೆ, ಮೇಷ್ಟ್ರು ಹದಿನೈದರವರೆಗೆ ಬಿಡುವುದಿಲ್ಲ. ಹದಿನಾರಕ್ಕೆ ರೈಲು ಹತ್ತುತ್ತೇನೆ. ನಿನ್ನನ್ನು ಕರೆದುಕೊಂಡೇ ಬರುವುದು. ಪೆಟ್ಟಿಗೆ ಕಟ್ಟಿಟ್ಟಿರು.

ಅಕ್ಕ


ಜೂನ್ 12

ಅಕ್ಕ,

ಹದಿನಾರಕ್ಕೆ ಬರಬೇಡ. ಬಂದು ಮಾಡುವುದು ಏನೂ ಉಳಿದಿಲ್ಲ.

ಐದನೇ ತಾರೀಕು ಶೆಡ್ಡಿನಲ್ಲೇ ನೋವು ಬಂತು. ಉದ್ದಕ್ಕ ಎತ್ತಿಕೊಂಡು ಹೋಗಿ ದೊಡ್ಡಾಸ್ಪತ್ರೆಗೆ ಸೇರಿಸಿದರು. ಹೆಣ್ಣು. ಗೇಣುದ್ದವೂ ಇರಲಿಲ್ಲ. ಒಂದು ಸಲ ಅತ್ತಳು, ಅದೂ ಬಾಗಿಲು ಕಿರುಗುಟ್ಟಿದಷ್ಟು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇದ್ದಳು. ನರ್ಸ್ ಕೈ ಒಳಗೆ ಹಾಕಿ ಮುಟ್ಟಲು ಬಿಡುತ್ತಿದ್ದಳು, ದಿನಕ್ಕೆ ಎರಡು ಸಲ. ಬೆರಳು ಹಿಡಿದುಕೊಂಡಳು ಎಂದು ನನಗೆ ಅನ್ನಿಸಿತು. ನಮ್ಮ ಮನೆಯವರು ಮೂರನೇ ದಿನ ಬಂದು ತಲುಪಿದರು.

ಆಸ್ಪತ್ರೆಯ ಡಾಕ್ಟರು, ಎಲ್ಲಿ ಕೆಲಸ ಎಂದು ಕೇಳಿದರು. ಹೇಳಿದೆ. ಅವರ ಮುಖ ಬದಲಾಯಿತು, ರಕ್ತದ ರಿಪೋರ್ಟು ಇದೆಯಾ ಎಂದರು. ನಮ್ಮ ಮನೆಯವರು ಓಡಿಹೋಗಿ ಕಾರ್ಖಾನೆಯಿಂದ ತಂದುಕೊಟ್ಟರು. ಡಾಕ್ಟರು ನೋಡಿ, "ನಾಲ್ಕಾ? ಹಂಗಾದ್ರೆ ಸೀಸ ಅಲ್ಲ. ಬೇರೆ ಏನೋ ಇರಬೇಕು" ಎಂದು ಬೇರೆ ಏನೇನೋ ಪರೀಕ್ಷೆ ಬರೆದರು. ಕೊನೆಗೆ ಕಾಗದದಲ್ಲಿ ಕಾರಣ ತಿಳಿದಿಲ್ಲ ಎಂದು ಬರೆದರು.

ನಾನು ಮಂಚದ ಮೇಲೆ ಮಲಗಿದ್ದೆ. ಅದು ನನ್ನ ರಕ್ತ ಅಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಅವಳು ಇನ್ನೂ ಇದ್ದಳು ಆಗ. ಬಾಯಿ ಬಿಡಲಿಲ್ಲ. ನಮ್ಮ ಮನೆಯವರು ಪಕ್ಕದಲ್ಲಿದ್ದರು, ಕಾರ್ಖಾನೆಯ ಗುಮಾಸ್ತನೂ ಇದ್ದ. ಹೇಳಿದ್ದರೆ ಅವಳು ಉಳಿಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಹೇಳಲಿಲ್ಲ ಎನ್ನುವುದು ಮಾತ್ರ ಗೊತ್ತು.

ಒಂದು ತಿಂಗಳು ರಜೆ ಕೊಟ್ಟಿದ್ದಾರೆ. ಆಮೇಲೆ ಅದೇ ಕುಲುಮೆ.

ಪುಟ್ಟಿ


ಜುಲೈ 1

ಪುಟ್ಟಿ,

ನಾಲ್ಕು ಕಾಗದ ಬರೆದು ಹರಿದೆ. ಅಳು ಬರುವುದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ಹದಿನೈದರವರೆಗೆ ಕಾದವಳು ನಾನು. ಜನ ಫೋಟೋ ತೆಗೆಸಿಕೊಳ್ಳಲಿ ಎಂದು ಕಾದೆ.

ನನ್ನ ರಕ್ತ ಆ ಗೋಡೆಯ ಮೇಲೆ ಇನ್ನೂ ಇದೆಯಲ್ಲವೇ? ಹೊಸದಾಗಿ ಬಂದವಳಿಗೆ ಅದನ್ನು ತೋರಿಸಿ ಸೌಟು ಕೈಗೆ ಕೊಡುತ್ತಾರಲ್ಲವೇ? ಅವರಲ್ಲಿ ಯಾರಿಗೆ ಎಷ್ಟು ತಿಂಗಳೋ ಯಾರಿಗೆ ಗೊತ್ತು. ಅದನ್ನು ಇಳಿಸಬೇಕು ಪುಟ್ಟಿ. ಕಾರ್ಖಾನೆಗಳನ್ನು ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಬರೆಯುತ್ತೇನೆ. ಮಾರ್ಚ್ ಇಪ್ಪತ್ತನಾಲ್ಕರಂದು ತೋಳು ಚಾಚಿದವಳು ನಾನು, ನನ್ನ ತಂಗಿಯಲ್ಲ ಎಂದು ಬರೆಯುತ್ತೇನೆ. ಬೇಕಾದರೆ ನನ್ನನ್ನೇ ಹಿಡಿಯಲಿ. ಹತ್ತು ದಿನ ಕಾಯುತ್ತೇನೆ, ನೀನೇ ಮೊದಲು ಹೇಳಿದರೆ ಒಳ್ಳೆಯದು.

ಅಕ್ಕ


ಜುಲೈ 6

ಬರೆಯಬೇಡ. ಮಗು ಹೋಯಿತು, ಉಳಿದಿರುವುದು ಈ ಬಾಗಿಲೊಂದೇ. ನಮ್ಮ ಮನೆಯವರಿಗೆ ಏನೂ ಗೊತ್ತಿಲ್ಲ. ನೀನು ಬರೆದರೆ ನನಗೆ ಅಕ್ಕ ಇಲ್ಲ ಎಂದುಕೊಳ್ಳುತ್ತೇನೆ.


ಜುಲೈ 13

ಪುಟ್ಟಿ,

ಬರೆದು ಅಂಚೆಗೆ ಹಾಕಿದೆ. ನನ್ನ ಹೆಸರು, ವಿಳಾಸ ಎಲ್ಲ ಕೊಟ್ಟಿದ್ದೇನೆ. ನೀನು ಏನಂದುಕೊಂಡರೂ ಸರಿ.

ಅಕ್ಕ


ಆಗಸ್ಟ್ 21

ಅಕ್ಕ,

ಹೋದ ವಾರ ಇನ್‌ಸ್ಪೆಕ್ಟರು ಬಂದರು. ಜೊತೆಗೆ ಅವರದೇ ನರ್ಸ್, ಅವರದೇ ಶೀಶೆಗಳು. ಕುಲುಮೆ ಶೆಡ್ಡಿನ ಹದಿನಾಲ್ಕು ಜನರನ್ನೂ ಸಾಲಾಗಿ ನಿಲ್ಲಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ರಕ್ತ ತೆಗೆದರು. ಎಲ್ಲರೂ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ನನ್ನಿಂದಲೇ ಇವರಿಗೆಲ್ಲ ಈ ಗ್ರಹಚಾರ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ.

ನಿನ್ನೆ ರಿಪೋರ್ಟು ಓದಿದರು. ಹದಿನಾಲ್ಕರಲ್ಲಿ ಒಂಬತ್ತು ಜನರದ್ದು ಹಿಂದಿನದಕ್ಕೂ ಈಗಿನದಕ್ಕೂ ತಾಳೆಯೇ ಆಗಲಿಲ್ಲ. ಒಬ್ಬಳದು ನಾದಿನಿಯ ರಕ್ತ, ಒಬ್ಬಳದು ಅಮ್ಮನದು, ಇನ್ನೊಬ್ಬಳದು ಪಕ್ಕದ ಮನೆಯವಳದ್ದು. ನಾನೊಬ್ಬಳೇ ಚಾಲಾಕಿ ಎಂದುಕೊಂಡಿದ್ದೆ. ಇಷ್ಟು ದಿನ ಅಕ್ಕಪಕ್ಕ ನಿಂತು ಒಂದೇ ಡಬ್ಬಿಯಲ್ಲಿ ಉಂಡೆವು, ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ.

ಉದ್ದಕ್ಕ ಕೊಡಿಸುತ್ತಿದ್ದದ್ದು ತಮ್ಮ ದೊಡ್ಡ ಮಗಳ ರಕ್ತ. ಹೋದ ಸಲ ಅದು ಮೂವತ್ತೊಂದು ಬಂದಿತ್ತು. ಲ್ಯಾಬಿನವರದೇ ತಪ್ಪು ಎಂದು ಅವರು ಸುಮ್ಮನಿದ್ದರು, ಮಗಳು ಕಾರ್ಖಾನೆಯ ಗೇಟನ್ನೂ ದಾಟಿದವಳಲ್ಲ. ಇನ್‌ಸ್ಪೆಕ್ಟರು, "ಮನೇಲಿ ನಿಮ್ಮ ಬಟ್ಟೆ ಯಾರಮ್ಮ ಒಗೆಯೋದು?" ಎಂದು ಕೇಳಿದರು. ಉದ್ದಕ್ಕ ಅಲ್ಲೇ ಕೂತುಬಿಟ್ಟರು. ಅಷ್ಟು ಎತ್ತರದ ಹೆಂಗಸು ನೆಲದ ಮೇಲೆ ಕೂತದ್ದನ್ನು ನಾನು ನಿನ್ನೆಯೇ ಮೊದಲು ನೋಡಿದ್ದು.

ನನ್ನದು ಎಪ್ಪತ್ತೊಂದು.

ಆಮೇಲೆ ಒಬ್ಬೊಬ್ಬರಿಗೂ ಒಂದು ಫಾರಂ ತುಂಬಿದರು. ಮನೆಯಲ್ಲಿ ಮಕ್ಕಳು ಎಷ್ಟು, ಅವರದೂ ರಕ್ತ ನೋಡಬೇಕು ಎಂದರು. "ಒಬ್ಬಳು ಇದ್ದಳು" ಎಂದೆ. ಬರೆಯುತ್ತಿದ್ದ ಹುಡುಗಿ ತಲೆ ಎತ್ತಿ, "ಈಗ ಇರೋರನ್ನ ಮಾತ್ರ ಬರ್ಕೋಬೇಕಮ್ಮ" ಎಂದಳು, ಮೆಲ್ಲಗೇ ಹೇಳಿದಳು. ಆ ಜಾಗದಲ್ಲಿ ಸೊನ್ನೆ ಹಾಕಿದಳು.

ಒಂಬತ್ತು ಜನರನ್ನೂ ಕೆಲಸದಿಂದ ತೆಗೆದಿದ್ದಾರೆ, ಮೋಸ ಮಾಡಿದ್ದಕ್ಕೆ. ಶೆಡ್ಡಿಗೆ ಬೀಗ ಬಿದ್ದಿದೆ. ಎಷ್ಟು ದಿನಕ್ಕೋ ಗೊತ್ತಿಲ್ಲ. ಶುಕ್ರವಾರದೊಳಗೆ ಮನೆ ಬಿಡಬೇಕು. ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಲಾರಿ ಹತ್ತಿ ಹೋದರು. ಬರುತ್ತಾರೋ ಇಲ್ಲವೋ ನೋಡಬೇಕು.

ನನಗೆ ನಿನ್ನ ಮೇಲೆ ಸಿಟ್ಟಿದೆ ಅಕ್ಕ. ನೀನು ಬರೆದು ತಿಳಿಸಿದ್ದಕ್ಕಲ್ಲ. ಆ ಭಾನುವಾರ ಏನೂ ಕೇಳದೆ ತೋಳು ಚಾಚಿದ್ದಕ್ಕೆ. ಕೇಳಬೇಡ ಎಂದು ಬರೆದವಳು ನಾನೇ, ಅದೂ ಗೊತ್ತಿದೆ. ಆದರೂ ನೀನು ದೊಡ್ಡವಳು. ಲೋಟ ಬಿದ್ದಾಗ ಕೇಳಬೇಕಿತ್ತು. ಒಂದು ಸಲ ಕೇಳಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಈ ಸಿಟ್ಟು ಹೋಗುತ್ತದೋ ಇಲ್ಲವೋ ಗೊತ್ತಿಲ್ಲ.

ಸೀಸ ಇಳಿಸುವ ಮದ್ದು ನಿಮ್ಮೂರಿನ ಆಸ್ಪತ್ರೆಯಲ್ಲಿ ಇದೆಯಂತೆ, ಚೀಟಿ ಬರೆದುಕೊಟ್ಟಿದ್ದಾರೆ. ಶನಿವಾರದ ರೈಲಿಗೆ ಹೊರಡುತ್ತೇನೆ, ಸೋಮವಾರ ಬೆಳಿಗ್ಗೆ ಅಲ್ಲಿರುತ್ತೇನೆ. ಸ್ಟೇಷನ್ನಿಗೆ ಬಂದರೆ ನನ್ನನ್ನು ತಬ್ಬಿಕೊಳ್ಳಬೇಡ, ಮೊದಲು ಸ್ನಾನ ಮಾಡುತ್ತೇನೆ. ನನಗೆಂದು ಬೇರೆ ಬಕೆಟ್ ಇಡು. ನನ್ನ ಬಟ್ಟೆ ನೀನು ಮುಟ್ಟಬೇಡ, ನಾನೇ ಒಗೆದುಕೊಳ್ಳುತ್ತೇನೆ.

ಪುಟ್ಟಿ